ಹೊಗಳಿಕೆಯಿಂದ ಋಣ ತೀರುವುದೇ?

ಸೈನಿಕನಿಗೆ ಸಮಾಜ ತೋರಿಸುವ ಗೌರವ ಅವನ ಸೇವೆಗೆ ಸಲ್ಲುತ್ತದೆಯೋ, ಅವನ ಸಾವಿಗೆ ಸಲ್ಲುತ್ತದೆಯೋ? ಕೇಳಲು ಒರಟೆನಿಸುವ ಈ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯ ಒಂದು ಹಳ್ಳಿ ನಮ್ಮ ಮುಂದಿಟ್ಟಿದೆ.

ಕುಂದಗೋಳ ತಾಲೂಕಿನ ಬೆಟದೂರು ಎರೆಭೂಮಿಯ ನಡುವಿನ ಒಂದು ಊರು. 2016ರ ಫೆಬ್ರವರಿಯವರೆಗೆ ಅದರ ಹೆಸರು ಸುತ್ತಲಿನವರಿಗಷ್ಟೇ ಗೊತ್ತಿತ್ತು. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್‌ನ ಠಾಣೆಯಲ್ಲಿದ್ದ ಹತ್ತು ಮಂದಿ ಅದರಡಿ ಹೂತುಹೋದರು. ಯಾರೂ ಉಳಿದಿರಲಾರರೆಂದು ಎಲ್ಲರೂ ಕೈಚೆಲ್ಲಿದ್ದಾಗ, 8ರ ರಾತ್ರಿ ಒಬ್ಬ ಜೀವಂತ ಸಿಕ್ಕಿದ. ಆತನೇ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೇಶದ ಮೂಲೆಮೂಲೆಗಳಲ್ಲಿ ಜನ ಅವನಿಗಾಗಿ ಪ್ರಾರ್ಥಿಸಿದರು. ಕಂಡರಿಯದವರು ತಮ್ಮ ಕಿಡ್ನಿ ಕೊಡುವುದಾಗಿ ಹೇಳಿದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಆತ ಕೊನೆಯುಸಿರೆಳೆದ. ಹುಬ್ಬಳ್ಳಿಯಲ್ಲಿ ಜನಸಾಗರವೇ ನೆರೆಯಿತು. ಹುಟ್ಟೂರಿನ ಮಣ್ಣಿನಲ್ಲಿ ಸಕಲ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಆ ಕಣ್ಣೀರು ನಿಜವಾದದ್ದೇ. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಆರು ದಿನಗಳಿಗೆ ಮುಂಚಿನ ಹದಿಮೂರು ವರ್ಷಗಳ ಬಗ್ಗೆ ನಮಗೇನು ಗೊತ್ತಿತ್ತು? 2002ರಲ್ಲಿ ಸೇನೆ ಸೇರಿದ ಹನುಮಂತಪ್ಪ 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಹೋರ್‌ನಲ್ಲಿದ್ದ. 2008ರಿಂದ 2010ರವರೆಗೆ ಮತ್ತೆ ಅದೇ ರಾಜ್ಯದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿ, ಆಮೇಲೆ ಎರಡು ವರ್ಷ ಈಶಾನ್ಯದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿದ್ದ. 2015ರ ಆಗಸ್ಟ್‌ನಿಂದ ಸಿಯಾಚಿನ್. ಹದಿಮೂರರಲ್ಲಿ ಹತ್ತು ವರ್ಷ ಅಪಾಯದ ನೆಲದಲ್ಲೇ ಕಳೆದವು. ಇದು ಸಾಮಾನ್ಯ ಪದಾತಿ ಸೈನಿಕನ ಬದುಕು. ಇದಕ್ಕೆ ಯಾವ ಪತ್ರಿಕೆಯ ಮುಖಪುಟವೂ ಇರಲಿಲ್ಲ.

ಈಗ ಇನ್ನೊಂದನ್ನು ಊಹಿಸಿ ನೋಡೋಣ. ಆತ ಬದುಕಿದ್ದರೆ? ಕೆಲದಿನ ಹಾರ, ಮೆರವಣಿಗೆ ನಡೆಯುತ್ತಿದ್ದವು. ನಂತರ, ಸಾಮಾನ್ಯ ಸಿಪಾಯಿಗಳಂತೆ, ಇನ್ನೂ ದುಡಿಯುವ ವಯಸ್ಸಿನಲ್ಲೇ ನಿವೃತ್ತಿಯಾಗಿ ಊರಿಗೆ ಮರಳುತ್ತಿದ್ದ. ಬ್ಯಾಂಕಿನ ಬಾಗಿಲಲ್ಲೋ ಎಟಿಎಂ ಮುಂದೆಯೋ ಕಾವಲು ಕೂತಿರುವ ಮಾಜಿ ಸೈನಿಕರನ್ನು ನಾವು ದಿನವೂ ನೋಡುತ್ತೇವೆ. ಅವರು ಯಾವ ಹಿಮದಲ್ಲಿ, ಯಾವ ಕಾಡಿನಲ್ಲಿ ರಾತ್ರಿ ಕಳೆದರೆಂದು ಎಂದಾದರೂ ಕೇಳಿದ್ದೇವೆಯೇ? ಹೊಲದ ಪಹಣಿಗೆ, ಮಂಜೂರಾಗಬೇಕಾದ ಜಮೀನಿಗೆ, ಪಿಂಚಣಿಯ ತಿದ್ದುಪಡಿಗೆ ಕಚೇರಿಯ ಮೆಟ್ಟಿಲು ಹತ್ತಿದಾಗ ಅವರೂ ಸರದಿಯಲ್ಲಿ ನಿಂತ ಇನ್ನೊಬ್ಬ ಅರ್ಜಿದಾರರಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಹೊಗಳಿಕೆ, ಇನ್ನೊಂದು ಋಣ. ಹೊಗಳಿಕೆ ಕೊಡುವವನ ಇಷ್ಟ. ಯಾವಾಗ, ಎಷ್ಟು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಋಣ ಹಾಗಲ್ಲ. ಅದನ್ನು ಕೇಳುವ ಹಕ್ಕು ಸಲ್ಲಬೇಕಾದವನಿಗೆ ಇದೆ. ಸತ್ತ ಸೈನಿಕ ಏನನ್ನೂ ಕೇಳುವುದಿಲ್ಲ, ಆದ್ದರಿಂದ ಅವನನ್ನು ಹೊಗಳುವುದು ಸುಲಭ. ಬದುಕಿ ಬಂದವನು ಕೇಳುತ್ತಾನೆ. ಕೇಳಿದ ಕೂಡಲೇ ನಮ್ಮ ಕಣ್ಣಿಗೆ ಅವನು ವೀರನಾಗಿ ಉಳಿಯದೆ ತೊಂದರೆಯಾಗಿ ಕಾಣತೊಡಗುತ್ತಾನೆ. ಸಮಾನ ಹುದ್ದೆಗೆ ಸಮಾನ ಪಿಂಚಣಿ ಕೇಳಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿದ್ದ ವೃದ್ಧ ಸೈನಿಕರನ್ನು 2015ರ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಮುನ್ನಾದಿನ, ಪೊಲೀಸರು ಎಳೆದಾಡಿದ್ದನ್ನು ದೇಶವೇ ನೋಡಿತು.

‘ಸೈನಿಕನೂ ಸಂಬಳ ಪಡೆಯುತ್ತಾನೆ, ಅವನು ತಾನೇ ಆರಿಸಿಕೊಂಡ ಉದ್ಯೋಗವದು, ಮತ್ತೇನು ಋಣ?’ ಎಂದು ಕೇಳುವವರಿದ್ದಾರೆ. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಮಳೆ ಕೈಕೊಟ್ಟ ಹೊಲಗಳ ನಾಡಿನಲ್ಲಿ ಸೇನೆಯ ಭರ್ತಿಗೆ ಓಡುವ ಹುಡುಗನಿಗೆ ದೇಶಪ್ರೇಮದ ಜತೆಗೆ ಮನೆಯ ಚಿಂತೆಯೂ ಇರುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಸಂಬಳ ಕೊಳ್ಳುವುದು ದುಡಿಮೆಯನ್ನು. ಜೀವಾಪಾಯವಿದ್ದಲ್ಲಿಗೆ ಹೋಗು ಎಂದಾಗ ‘ಒಲ್ಲೆ’ ಎನ್ನುವ ಅಧಿಕಾರ ಉಳಿದೆಲ್ಲ ನೌಕರರಿಗೆ ಒಂದಲ್ಲ ಒಂದು ರೂಪದಲ್ಲಿರುತ್ತದೆ. ಸೈನಿಕ ಅದನ್ನೇ ಬಿಟ್ಟುಕೊಟ್ಟಿರುತ್ತಾನೆ. ಅದಕ್ಕೆ ಯಾವ ವೇತನ ಶ್ರೇಣಿಯಲ್ಲೂ ಬೆಲೆ ಕಟ್ಟಿಲ್ಲ.

ಕಾನೂನಿಗೂ ಇದು ಗೊತ್ತಿದೆ. ಸೇವೆಯಲ್ಲಿರುವಾಗ ಕಾಯಿಲೆ ಬಿದ್ದ ಧರಂವೀರ್ ಸಿಂಗ್ ಎಂಬ ಸೈನಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಒಂದು ಮಹತ್ವದ ಮಾತು ಹೇಳಿತು. ಸೇನೆ ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು. ನ್ಯಾಯವೇನೋ ಸಿಕ್ಕಿತು. ಆದರೆ ಅಂಗವೈಕಲ್ಯ ಪಿಂಚಣಿಗಾಗಿ ಒಬ್ಬ ಸೈನಿಕ ತನ್ನದೇ ಸರಕಾರದ ಎದುರು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತಲ್ಲ!

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ಪ್ರಶ್ನೆಯನ್ನು ಇನ್ನಷ್ಟು ಮೊನಚಾಗಿಸಿದೆ. ಅದರಂತೆ ಸೇವೆ ನಾಲ್ಕು ವರ್ಷ. ಕಾಯಂ ಅವಕಾಶ ಶೇಕಡಾ 25ರಷ್ಟು ಮಂದಿಗೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ, ಪಿಂಚಣಿ ಇಲ್ಲ. ಸೇನೆಯನ್ನು ಯುವಕರ ಪಡೆಯಾಗಿಸಬೇಕೆಂಬ ಸರಕಾರದ ಕಾರಣವನ್ನು ತಳ್ಳಿಹಾಕಬೇಕಿಲ್ಲ. ಆದರೂ ಒಂದು ಮಾತು: ಅವರ ಮುಂದಿನ ಬದುಕು ನಮ್ಮ ಹೊಣೆಯಲ್ಲವೆಂದು ಮೊದಲೇ ಬರೆದಿಟ್ಟುಕೊಂಡ ಸಮಾಜ, ಅವರು ಸತ್ತಾಗ ಸುರಿಸುವ ಕಣ್ಣೀರಿಗೆ ಏನರ್ಥ?

ಋಣದಲ್ಲಿ ಇನ್ನೊಂದು ಪಾಲೂ ಇದೆ. ಬಹುಶಃ ಅದೇ ದೊಡ್ಡದು. ಸೈನಿಕ ‘ಏಕೆ’ ಎಂದು ಕೇಳುವುದಿಲ್ಲ. ಆದ್ದರಿಂದ ಅವನ ಪರವಾಗಿ ನಾಗರಿಕರು ಕೇಳಬೇಕು. 1984ರ ಏಪ್ರಿಲ್‌ನಿಂದ ಭಾರತದ ಸೈನಿಕರು ಸಿಯಾಚಿನ್ ಮೇಲಿದ್ದಾರೆ. ಅಲ್ಲಿ ಗುಂಡಿಗಿಂತ ಹಿಮ, ಚಳಿಗಳೇ ಹೆಚ್ಚು ಜೀವ ತೆಗೆದಿವೆ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ 140 ಮಂದಿ ಸತ್ತರು. ಹಿಮ ಸಮವಸ್ತ್ರ ನೋಡುವುದಿಲ್ಲ. ಎರಡೂ ದೇಶಗಳ ನಡುವೆ ಹಲವು ಸುತ್ತು ಮಾತುಕತೆ ನಡೆದು ಮುರಿದಿವೆ. 1999ರ ಕಾರ್ಗಿಲ್ ಅನುಭವದಿಂದಾಗಿ, ಬಿಟ್ಟ ಠಾಣೆಯನ್ನು ಎದುರಾಳಿ ಹಿಡಿದಾನೆಂಬ ಭಯವೂ ಆಧಾರವಿಲ್ಲದ್ದಲ್ಲ. ಅದೆಲ್ಲ ಇರಲಿ. ಮಾತುಕತೆ ಮುಂದುವರಿಯಲಿ ಎನ್ನುವುದೇ ಸೈನಿಕನಿಗೆ ಮಾಡುವ ಅವಮಾನವೆಂದು ಕೂಗುವವರು ಅವನ ಜೀವವನ್ನು ಅಗ್ಗವಾಗಿ ಎಣಿಸುತ್ತಿದ್ದಾರೆ.

ಸೋನಂ ಠಾಣೆಯ ಹತ್ತು ಮಂದಿಯಲ್ಲಿ ಹಾಸನದ ನಾಗೇಶ್ ಇದ್ದರು, ಎಚ್.ಡಿ. ಕೋಟೆಯ ಮಹೇಶ್ ಇದ್ದರು, ಕರ್ನೂಲಿನ ಮುಷ್ತಾಕ್ ಅಹ್ಮದ್ ಇದ್ದರು, ಕೊಲ್ಲಂನ ಸುಧೀಶ್ ಇದ್ದರು. ಬೇರೆ ಬೇರೆ ಊರು, ಬೇರೆ ಬೇರೆ ಮಾತು, ಒಂದೇ ಟೆಂಟು. ಈ ಹೆಸರುಗಳಲ್ಲಿ ಎಷ್ಟು ನಮಗೆ ನೆನಪಿವೆ? ನೆನಪಿಡುವುದು ಒಳ್ಳೆಯದು. ಆದರೆ ಅವರ ಜತೆಗಾರರು ಇಂದು ನವಲಗುಂದ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳಲ್ಲಿ ಬದುಕಿದ್ದಾರೆ. ಅವರ ಅರ್ಜಿಯೊಂದು ಯಾವುದೋ ಮೇಜಿನ ಮೇಲೆ ಕಾಯುತ್ತಿರಬಹುದು. ಅದಕ್ಕೆ ಸಕಾಲದಲ್ಲಿ ಬೀಳುವ ಒಂದು ಸಹಿ ನೂರು ಹೂಮಾಲೆಗಿಂತ ದೊಡ್ಡ ಗೌರವ.