ನಡುಗಡಲಿನ ಕತ್ತಲೆ

ಕತ್ತಲೆ ಎಂಬುದು ಒಂದು ವಸ್ತುವೇ, ಅಥವಾ ಬೆಳಕು ಇಲ್ಲದಿರುವಿಕೆಗೆ ನಾವು ಇಟ್ಟುಕೊಂಡಿರುವ ಹೆಸರು ಮಾತ್ರವೇ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ದಾರ್ಶನಿಕರು ತಲೆಮಾರುಗಳ ಕಾಲ, ಇಂದಿನವರಿಗೆ ಆಶ್ಚರ್ಯವಾಗುವಷ್ಟು ಶ್ರದ್ಧೆಯಿಂದ ಚರ್ಚಿಸಿದರು. ತಮಸ್ಸೆಂದರೆ ತೇಜಸ್ಸಿನ ಅಭಾವ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂದರು ವೈಶೇಷಿಕರು, ನೈಯಾಯಿಕರು. ಕುಮಾರಿಲಭಟ್ಟನ ಅನುಯಾಯಿಗಳಾದ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಕತ್ತಲೆ ಕಪ್ಪಾಗಿ ಕಾಣುತ್ತದೆ, ದೀಪ ಹಿಡಿದು ನಡೆದರೆ ತಾನೂ ಸರಿಯುತ್ತದೆ. ಬಣ್ಣವೂ ಚಲನೆಯೂ ಉಳ್ಳದ್ದು ದ್ರವ್ಯವಲ್ಲದೆ ಮತ್ತೇನು ಎಂಬುದು ಅವರ ವಾದ. ಪ್ರಭಾಕರನ ಪಂಥದವರು ಮೂರನೆಯ ದಾರಿಯನ್ನು ಹಿಡಿದು, ಬೆಳಕಿನ ಅರಿವು ಉಂಟಾಗದಿರುವುದೇ ಕತ್ತಲೆ ಎಂದರು. ಗ್ರಂಥಗಳಲ್ಲಿ ಓದುವಾಗ ಈ ವಿವಾದ ಬರಿಯ ಬುದ್ಧಿಯ ವ್ಯಾಯಾಮವಾಗಿ ತೋರಬಹುದು. ಆದರೆ ಸಾವಿರಾರು ದೀಪಗಳನ್ನು ಹೊತ್ತು ಸಾಗುವ ವಿಹಾರನೌಕೆಯೊಂದರ ಮೇಲೆ, ನಕ್ಷತ್ರಗಳನ್ನು ನೋಡುವುದಕ್ಕೆ ತಕ್ಕ ಒಂದು ಮೂಲೆಯನ್ನು ಅರಸಿ ಹೊರಟವನಿಗೆ ಅದು ಆ ರಾತ್ರಿಯೇ ತೀರ್ಮಾನವಾಗಬೇಕಾದ ಪ್ರಶ್ನೆ.

ಮುಂಬಯಿಯಿಂದ ಹೊರಟು, ಪಶ್ಚಿಮ ಕರಾವಳಿಯನ್ನು ಎಡಕ್ಕೆ ಬಿಟ್ಟುಕೊಂಡು, ದಕ್ಷಿಣಾಭಿಮುಖವಾಗಿ ಕೊಚ್ಚಿಗೋ ಲಕ್ಷದ್ವೀಪಕ್ಕೋ ಸಾಗುವ ನೌಕೆಗಳನ್ನೇ ತೆಗೆದುಕೊಳ್ಳೋಣ. ಊರುಗಳ ಬೆಳಕಿನ ಮಬ್ಬು ತೀರದೊಡನೆ ಹಿಂದುಳಿದ ಮೇಲೆ, ನೆಲದ ಮೇಲೆ ಈಗ ದುರ್ಲಭವಾಗಿರುವ ನಿರ್ಮಲವಾದ ರಾತ್ರಿಯೊಂದು ಸುತ್ತಲೂ ಹರಡಿಕೊಂಡಿರುತ್ತದೆ; ಆ ರಾತ್ರಿಯ ನಡುವೆ, ಅದನ್ನು ತನ್ನ ಬಳಿಗೆ ಬರಗೊಡದೆ, ನೌಕೆ ಮಾತ್ರ ಉರಿಯುತ್ತಿರುತ್ತದೆ. ಈಜುಕೊಳದ ಸುತ್ತ ದೀಪಗಳ ಸಾಲು, ಅದರ ಮೇಲೆ ಚಲನಚಿತ್ರದ ದೊಡ್ಡ ಪರದೆ, ಹೊಗೆಗೊಳವೆಗೂ ಅಲಂಕಾರದ ಬೆಳಕು. ಹಿಂಭಾಗದಲ್ಲಿ ಭೋಜನಶಾಲೆಗಳ ಪ್ರಭೆಯ ಜೊತೆಗೆ ಯಂತ್ರದ ಹೊಗೆಯೂ ಇರುವುದರಿಂದ ಅಲ್ಲಿ ಆಕಾಶ ಅಷ್ಟಾಗಿ ತೆರೆಯದು. ಕೆಳಗಿನ ಡೆಕ್ಕಿನ ಉದ್ದನೆಯ ನಡೆದಾರಿ ಜನರ ಓಡಾಟಕ್ಕೆಂದು ಇರುಳಿಡೀ ಬೆಳಗುತ್ತಿರುತ್ತದೆ. ಕೋಣೆಗೆ ಹೊಂದಿದ ಮೊಗಸಾಲೆ ಇದ್ದವರು ತಮ್ಮ ದೀಪಗಳನ್ನು ಆರಿಸಿ ಅಲ್ಲಿಯೇ ಕುಳಿತುಕೊಳ್ಳಬಹುದು; ಆದರೆ ಮೇಲಂತಸ್ತಿನ ಮೊಗಸಾಲೆ ನೆತ್ತಿಯ ಆಕಾಶವನ್ನು ಮುಚ್ಚುತ್ತದೆ, ನೆರೆಯವರ ದೀಪದ ಮೇಲೆ ನಮಗೆ ಅಧಿಕಾರವಿಲ್ಲ. ದಕ್ಷಿಣಕ್ಕೆ ಹೋಗುವಾಗ ಬಲಪಾರ್ಶ್ವವನ್ನು ಆರಿಸಿಕೊಂಡವರಿಗೆ ತೆರೆದ ಕಡಲಿನ ಕಡೆಯ ಆಕಾಶ ದೊರೆಯುತ್ತದೆ. ಎಡಪಾರ್ಶ್ವದಲ್ಲಿ ಕರಾವಳಿಯ ಊರುಗಳೂ ಮೀನುದೋಣಿಗಳೂ ತಮ್ಮ ಬೆಳಕನ್ನು ಕಳುಹಿಸುತ್ತಲೇ ಇರುತ್ತವೆ. ಪಂಚಾಂಗವನ್ನೂ ನೋಡಿಕೊಳ್ಳಬೇಕು: ಹುಣ್ಣಿಮೆಯ ಬಳಿಕ ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗಿ ಬಹುಳ ಅಷ್ಟಮಿಯ ಹೊತ್ತಿಗೆ ನಡುರಾತ್ರಿಯನ್ನು ಮುಟ್ಟುವುದರಿಂದ, ಅಲ್ಲಿಂದ ಅಮಾವಾಸ್ಯೆಯವರೆಗಿನ ಇರುಳುಗಳ ಪೂರ್ವಾರ್ಧ ಪೂರ್ತಿಯಾಗಿ ನಕ್ಷತ್ರಗಳಿಗೆ ಸೇರಿದ್ದು.

ಹೀಗೆ ಒಂದೊಂದೇ ಸ್ಥಳವನ್ನು ತಳ್ಳಿಹಾಕುತ್ತ ಬಂದರೆ ಕೊನೆಗೆ ಉಳಿಯುವುದು ನೌಕೆಯ ಮುಂಭಾಗ. ಪ್ರಯಾಣಿಕರಿಗೆ ಅಲ್ಲಿ ಪ್ರವೇಶವಿರುವ ಹಡಗುಗಳಲ್ಲಿ ಅದಕ್ಕಿಂತ ಉತ್ತಮವಾದ ಜಾಗವಿಲ್ಲ, ಮತ್ತು ಅದರ ಕಾರಣ ವಿಚಾರಯೋಗ್ಯವಾದದ್ದು. ಬ್ರಿಜ್ ಎಂದು ಕರೆಯುವ ಚಾಲನಮಂದಿರ ನೌಕೆಯ ಮುಂದುಗಡೆ, ಎತ್ತರದಲ್ಲಿರುತ್ತದೆ. ಅಲ್ಲಿ ಪಹರೆಯ ಮೇಲಿರುವ ಅಧಿಕಾರಿಗಳು ರಾತ್ರಿಯ ಕಡಲನ್ನು ಕಣ್ಣಿನಿಂದಲೇ ಕಾಯಬೇಕಾದುದರಿಂದ, ಆ ಕೊಠಡಿ ಕತ್ತಲಾಗಿರುತ್ತದೆ. ಅದರ ಎದುರಿನ ಡೆಕ್ಕಿನ ದೀಪಗಳನ್ನು ಆರಿಸುತ್ತಾರೆ. ಅದರ ಕೆಳಗೆ ಮುಂದಕ್ಕೆ ಕಿಟಕಿಯಿರುವ ಕೋಣೆಗಳ ಯಾತ್ರಿಕರಿಗೆ ಪರದೆ ಎಳೆದುಕೊಳ್ಳಿರೆಂದು ಸೂಚನೆ ಕೊಡುತ್ತಾರೆ. ಕಡಲಿನಲ್ಲಿ ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ 1972ರಲ್ಲಿ ರಚಿತವಾದ ಅಂತರರಾಷ್ಟ್ರೀಯ ನಿಯಮಾವಳಿಯೂ ಇದನ್ನು ಸಮರ್ಥಿಸುತ್ತದೆ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಸ್ತಂಭದ ಮೇಲೂ ಹಿಂಬದಿಯಲ್ಲೂ ಬಿಳಿ, ಇಷ್ಟು ದೀಪಗಳು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಉರಿಯಲೇಬೇಕು; ಅವನ್ನು ಮಸುಕುಗೊಳಿಸುವ ಅಥವಾ ಕಾವಲಿನವರ ದೃಷ್ಟಿಗೆ ಅಡ್ಡಿಯಾಗುವ ಬೇರೆ ದೀಪವನ್ನು ತೋರಬಾರದು.

ನೌಕೆ ಉರಿಸಲೇಬೇಕಾದ ದೀಪಗಳೆಲ್ಲ ಪರರಿಗಾಗಿ, ಎದುರಿನಿಂದ ಬರುತ್ತಿರುವ ಅಪರಿಚಿತ ಹಡಗಿಗೆ ತಾನು ಕಾಣಲೆಂದು ಇರುವಂಥವು. ತಾನು ನೋಡುವುದಕ್ಕೋ, ಅದು ಬೆಳಕನ್ನು ತ್ಯಜಿಸುತ್ತದೆ. ಸಾವಿರಾರು ಜೀವಗಳ ಹೊಣೆ ಹೊತ್ತವನು ಕತ್ತಲಲ್ಲಿ ನಿಂತಿದ್ದಾನೆ, ಯಾವ ಹೊಣೆಯೂ ಇಲ್ಲದ ನಾವು ಬೆಳಕಿನಲ್ಲಿ ಕುಳಿತಿದ್ದೇವೆ. ತನ್ನ ಸುಖಕ್ಕಾಗಿ ಹಚ್ಚಿಕೊಂಡ ದೀಪ ಬೇರೆ, ಪರರ ಕ್ಷೇಮಕ್ಕಾಗಿ ಹಚ್ಚಿದ ದೀಪ ಬೇರೆ ಎಂಬ ವಿವೇಕ ಧರ್ಮಶಾಸ್ತ್ರದಲ್ಲಿ ಇರಬೇಕಾದದ್ದು. ಅದು ನಾವಿಕರ ನಿಯಮಗಳಲ್ಲಿ ಇಷ್ಟು ಖಚಿತವಾಗಿ ಇರುವುದನ್ನು ಕಂಡು ನನಗೆ ಅವರ ವೃತ್ತಿಯ ಮೇಲೆ ಗೌರವ ಹುಟ್ಟಿತು.

ಸ್ಥಳ ದೊರೆತರೂ ಆಕಾಶ ಕೂಡಲೇ ದೊರೆಯುವುದಿಲ್ಲ. ಕಣ್ಣಿನ ಪಾಪೆ ಹಿಗ್ಗುವುದು ಕ್ಷಣಗಳ ಕೆಲಸ. ಆದರೆ ಮಂದಪ್ರಕಾಶವನ್ನು ಗ್ರಹಿಸುವ ಕಣಗಳಲ್ಲಿ ಬೆಳಕಿನಿಂದ ಕರಗಿಹೋದ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಬೇಕಾದರೆ 20ರಿಂದ 30 ನಿಮಿಷಗಳು ಹಿಡಿಯುತ್ತವೆ, ಕೆಲವರಿಗೆ ಇನ್ನೂ ಹೆಚ್ಚು. ಆ ಅವಧಿಯಲ್ಲಿ ಒಮ್ಮೆ ಮೊಬೈಲಿನ ಪರದೆಯನ್ನು ನೋಡಿದರೆ ಮೊದಲಿನಿಂದ ಆರಂಭಿಸಬೇಕು. ಇಲ್ಲಿ ಭಾಟ್ಟಮೀಮಾಂಸಕನು ಹರ್ಷದಿಂದ ಎದ್ದು ನಿಂತಾನು: ಕಣ್ಣಿನೊಳಗೆ ಒಂದು ದ್ರವ್ಯವನ್ನು ಕತ್ತಲೆ ಉತ್ಪನ್ನ ಮಾಡಿತಲ್ಲ, ಅಭಾವ ಏನನ್ನಾದರೂ ಹುಟ್ಟಿಸೀತೆ? ನೈಯಾಯಿಕನ ಬಳಿ ಉತ್ತರವುಂಟು. ಉರಿಯ ಬಳಿ ಚಂದ್ರಕಾಂತಮಣಿಯನ್ನು ಇಟ್ಟರೆ ಉರಿ ಸುಡದು, ತೆಗೆದರೆ ಸುಡುತ್ತದೆ ಎಂಬ ದೃಷ್ಟಾಂತವನ್ನು ಹಿಡಿದು, ಅಡ್ಡಿಯು ಇಲ್ಲದಿರುವುದೂ ಕಾರ್ಯಕ್ಕೆ ಒಂದು ಕಾರಣವೇ ಎಂದು ಅವನ ಶಾಸ್ತ್ರ ಒಪ್ಪುತ್ತದೆ. ಪ್ರತಿಬಂಧಕಾಭಾವವೆಂದು ಅದನ್ನು ಕರೆಯುತ್ತದೆ. ವರ್ಣದ್ರವ್ಯವನ್ನು ಕಟ್ಟುವುದು ಶರೀರ. ಕಟ್ಟಿದ್ದನ್ನು ಕೆಡಿಸುತ್ತಿದ್ದ ಬೆಳಕು ತೊಲಗಿತು, ಅಷ್ಟೇ. ನನ್ನ ಮನಸ್ಸು ನೈಯಾಯಿಕನ ಕಡೆಗೆ ಒಲಿಯುತ್ತದೆ. ಕತ್ತಲೆಯನ್ನು ವಸ್ತುವೆಂದು ಪೂಜಿಸಬೇಕಾಗಿಲ್ಲ. ಆದರೆ ಏನನ್ನೂ ಸೇರಿಸದೆ, ಇದ್ದುದನ್ನು ಹಿಂತೆಗೆದುಕೊಳ್ಳುವುದರಿಂದಲೇ ಒಂದು ಮಹತ್ತು ಪ್ರತ್ಯಕ್ಷವಾಗಬಹುದೆಂಬುದನ್ನು ಒಪ್ಪಲೇಬೇಕು. ಉಪವಾಸ, ಮೌನ, ಏಕಾಂತಗಳೆಂಬ ನಮ್ಮ ವ್ರತಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿವೆಯಲ್ಲವೆ?

ತಮಸ್ಸಿನಿಂದ ಜ್ಯೋತಿಯೆಡೆಗೆ ಒಯ್ಯೆಂದು ನಿತ್ಯವೂ ಪ್ರಾರ್ಥಿಸುವ ಜನ ನಾವು; ಬೆಳಕಿನಿಂದ ಕತ್ತಲಿಗೆ ನಡೆಯುವವನು ಆ ಪ್ರಾರ್ಥನೆಗೆ ವಿಮುಖನಾದನೆ ಎಂದು ಕೇಳುವವರಿದ್ದಾರೆ. ಹತ್ತಿರದ್ದನ್ನು ಮಾತ್ರ ತೋರಿಸಿ ದೂರದ್ದನ್ನು ಮರೆಸುವ ಪ್ರಕಾಶವೇ ಆ ಜ್ಯೋತಿ ಎಂದು ನಾನು ತಿಳಿಯಲಾರೆ. ಈಶಾವಾಸ್ಯದ ಋಷಿ ಸೂರ್ಯನನ್ನು ಕುರಿತು ಬೇಡಿದ್ದಾದರೂ ಅವನ ಕಿರಣಗಳನ್ನು ಹೆಚ್ಚಿಸೆಂದಲ್ಲ, ಸಂಹರಿಸಿಕೊಳ್ಳೆಂದು. ಡೆಕ್ಕಿನ ದೀಪ ಬೆಳಗುವುದು ಡೆಕ್ಕನ್ನು. ಅದು ಆರಿದಾಗ ಕಣ್ಣಿಗೆ ಬೀಳುವ ಆಂಡ್ರೊಮಿಡಾ ಗೆಲಾಕ್ಸಿಯ ಮಸುಕಾದ ಕಲೆ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆ, ಬರಿಗಣ್ಣಿಗೆ ಸಾಮಾನ್ಯವಾಗಿ ನಿಲುಕುವ ವಸ್ತುಗಳಲ್ಲಿ ಅತ್ಯಂತ ದೂರದ್ದು. ಅದನ್ನು ಕಾಣಬೇಕಾದರೆ ನೆಟ್ಟನೆ ನೋಡದೆ ತುಸು ಪಕ್ಕಕ್ಕೆ ನೋಡಬೇಕು, ಏಕೆಂದರೆ ಅಕ್ಷಿಪಟಲದ ನಟ್ಟನಡುವೆ ಮಂದಪ್ರಕಾಶದ ಕಣಗಳಿಲ್ಲ. ದೂರದರ್ಶಕ ಹಡಗಿನ ಓಲಾಟದಲ್ಲಿ ನಿಷ್ಪ್ರಯೋಜಕ. ಹಗುರವಾದ ದುರ್ಬೀನು ಸಾಕು.

ಇದೇ ಅರಬ್ಬೀ ಸಮುದ್ರದಲ್ಲಿ, ಹದಿನೈದನೆಯ ಶತಮಾನದ ಇಬ್ನ್ ಮಾಜಿದನಂಥ ನಾವಿಕರು ಒಂದು ಮರದ ಹಲಗೆಯನ್ನೂ ಅದಕ್ಕೆ ಕಟ್ಟಿದ ಗಂಟುಹಾಕಿದ ದಾರವನ್ನೂ ಹಿಡಿದು, ದಿಗಂತದಿಂದ ಧ್ರುವನಕ್ಷತ್ರ ಎಷ್ಟು ಮೇಲಿದೆಯೆಂದು ಅಳೆದು ತಾವು ಎಷ್ಟು ದಕ್ಷಿಣಕ್ಕೆ ಬಂದೆವೆಂದು ತಿಳಿಯುತ್ತಿದ್ದರು. ಧ್ರುವನ ಔನ್ನತ್ಯ ಸುಮಾರಾಗಿ ಆ ಸ್ಥಳದ ಅಕ್ಷಾಂಶವೇ. ಮುಂಬಯಿಯಲ್ಲಿ 19 ಡಿಗ್ರಿಗಳಷ್ಟು ಮೇಲಿದ್ದವನು ಕೊಚ್ಚಿಯ ಹೊತ್ತಿಗೆ 10 ಡಿಗ್ರಿಗೆ ಇಳಿದಿರುತ್ತಾನೆ. ಇತ್ತ ಮುಂದೆ, ಫೆಬ್ರವರಿಯ ಸಂಜೆಗಳಲ್ಲಿ, ಲುಬ್ಧಕನ ಕೆಳಗೆ ಅಗಸ್ತ್ಯನು ರಾತ್ರಿಯಿಂದ ರಾತ್ರಿಗೆ ಮೇಲೇರುತ್ತಾನೆ, ಏಪ್ರಿಲ್ ಮೇ ತಿಂಗಳುಗಳಾದರೆ ತ್ರಿಶಂಕುವೂ ಹಾಗೆಯೇ. ಅಚಲಪದವಿಯನ್ನು ಪಡೆದನೆಂದು ಪುರಾಣ ಹಾಡಿದ ಧ್ರುವನು ನಮ್ಮ ಪ್ರಯಾಣದಿಂದಾಗಿ ಇಳಿಯುತ್ತಿರುವಂತೆ ಕಾಣುವುದನ್ನು, ಸಮುದ್ರವನ್ನು ಕುಡಿದನೆಂಬ ಋಷಿ ಆ ಸಮುದ್ರದ ಮೇಲೆಯೇ ಎತ್ತರಕ್ಕೆ ಬರುವುದನ್ನು ಎರಡು ಇರುಳುಗಳ ಅಂತರದಲ್ಲಿ ಸ್ವತಃ ನೋಡಿದವನಿಗೆ, ಭೂಮಿ ದುಂಡಗಿದೆ ಎಂಬ ಪಾಠ ಅನುಭವವಾಗುತ್ತದೆ. ಈಗಿನ ನೌಕೆಗೆ ಆ ಅಳತೆ ಬೇಕಾಗಿಲ್ಲ. ಉಪಗ್ರಹಗಳಿಂದ ದಾರಿ ತಿಳಿಯುವ ಹಡಗು ತನ್ನ ಹಳೆಯ ಗುರುಗಳನ್ನು ಮರೆತುಬಿಡುವುದು ಸ್ವಾಭಾವಿಕ; ಯಾತ್ರಿಕರೂ ಅವರನ್ನು ನೋಡದಂತಾಗುವುದು ಮಾತ್ರ ಅನವಶ್ಯಕವಾದ ನಷ್ಟ.

ತೇವಗೊಂಡು ಓಲಾಡುವ ಡೆಕ್ಕಿನ ಮೇಲೆ ಬೆಳಕಿಲ್ಲದಿದ್ದರೆ ವೃದ್ಧರು ಎಡವುತ್ತಾರೆ, ಮಕ್ಕಳು ಕಣ್ತಪ್ಪುತ್ತಾರೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಮೆಟ್ಟಿಲಿನ ಅಂಚಿನಲ್ಲೂ ಕಟಾಂಜನದ ಬುಡದಲ್ಲೂ ಕೆಳಮುಖವಾಗಿ ಮುಸುಕು ಹಾಕಿದ ಮಂದವಾದ ಕೆಂಪು ದೀಪಗಳು ಸಾಕು. ಇರುಳುನೋಟವನ್ನು ಕೆಂಪು ಬೆಳಕು ಹೆಚ್ಚಾಗಿ ಕೆಡಿಸುವುದಿಲ್ಲ. ಮುಂಭಾಗಕ್ಕೆ ಪ್ರವೇಶವಿಲ್ಲದ ಹಡಗುಗಳಲ್ಲಿ, ಅತ್ಯಂತ ಮೇಲಿನ ಡೆಕ್ಕಿನ ಮುಂತುದಿಯ ದೀಪಗಳನ್ನು ಸ್ವಲ್ಪ ಹೊತ್ತು ಆರಿಸಿರೆಂದು ನಾಲ್ಕು ಜನ ಕೂಡಿ ಸ್ವಾಗತಕಕ್ಷೆಯಲ್ಲಿ ವಿನಯದಿಂದ ಕೇಳಬಹುದು. ಹಾಗೆ ಆರಿಸಿ ಅನುಕೂಲ ಮಾಡಿಕೊಡುವ ನೌಕೆಗಳೂ ಇವೆ. ಕೇಳುವಾಗ ಒಂದು ಗಂಟೆಯನ್ನಾದರೂ ಕೇಳಬೇಕು, ಮೊದಲ ಅರ್ಧ ಗಂಟೆ ಕಣ್ಣು ಪಳಗುವುದಕ್ಕೇ ಹೋಗುತ್ತದೆ.