ನೆರೆಮನೆಯ ಪ್ರಾರ್ಥನೆ

ಸತ್ತವರನ್ನು ಕುರಿತು ಒಳ್ಳೆಯದನ್ನೇ ಆಡಬೇಕೆಂಬುದು ಲೋಕರೂಢಿ. ಒಳ್ಳೆಯವರೇ ತೀರಿಕೊಂಡಾಗ ಈ ರೂಢಿಯಿಂದ ಒಂದು ತೊಡಕುಂಟು: ನಿಜವನ್ನು ಹೇಳಿದರೂ ಅದು ಉಪಚಾರದ ಮಾತಿನಂತೆ ಕೇಳುತ್ತದೆ. ಕಳೆದ ತಿಂಗಳು ಧಾರವಾಡದ ನಮ್ಮ ನೆರೆಮನೆಯ ಅಜ್ಜನವರು ತೀರಿಕೊಂಡರು. ಅವರ ಗುಣಗಳನ್ನು ಎಣಿಸುವ ಬದಲು, ಅವರೊಡನೆ ನನಗಾದ ಒಂದು ಜಗಳವನ್ನು ಹೇಳುತ್ತೇನೆ.

ಅವರದು ಹಳೆಯ ಕ್ರೈಸ್ತ ಮನೆತನ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದವರಷ್ಟೆ. ಆ ಪರಂಪರೆಗೆ ಸೇರಿದವರು. ಕಪಾಟಿನಲ್ಲಿ ಬೈಬಲ್ಲಿನ ಮಗ್ಗುಲಿಗೇ ಪಾದ್ರಿ ಉತ್ತಂಗಿ ಚನ್ನಪ್ಪನವರು ಸಂಗ್ರಹಿಸಿದ ಸರ್ವಜ್ಞನ ವಚನಗಳು. ದೀಪ ಹಚ್ಚುವ ಹೊತ್ತಿಗೆ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಕೂಡಿ ಪ್ರಾರ್ಥಿಸುವರು. ಕೊನೆಗೆ ಅಜ್ಜ ಕೆಲವು ಹೆಸರುಗಳನ್ನು ಹೇಳುವರು: ಜಡ್ಡಾದವರು, ಊರಿಗೆ ಹೋದವರು, ಪರೀಕ್ಷೆಗೆ ಕುಳಿತವರು. ಮೊಮ್ಮಗಳು ಒಮ್ಮೆ ಕಾಲು ಮುರಿದ ಬೀದಿನಾಯಿಯನ್ನೂ ಸೇರಿಸಿದಳು. ಅಜ್ಜ ತಡೆಯಲಿಲ್ಲ. ಗೋಡೆಯ ಈಚೆಗೆ ನಮಗೆ ಎಲ್ಲವೂ ಕೇಳಿಸುತ್ತಿತ್ತು.

ಅವರ ಮಾವಿನ ಕೊಂಬೆಯೊಂದು ನಮ್ಮ ಹಂಚಿನ ಮೇಲೆ ಚಾಚಿತ್ತು. ಒಂದು ರವಿವಾರ ಅವರೆಲ್ಲ ಚರ್ಚಿಗೆ ಹೋಗಿದ್ದಾಗ, ಹೇಳದೆ ಕೇಳದೆ, ಆಳಿನಿಂದ ಅದನ್ನು ಕಡಿಸಿದೆ. ಮೊಮ್ಮಕ್ಕಳ ಜೋಕಾಲಿ ಕಟ್ಟಿದ್ದು ಆ ಕೊಂಬೆಗೇ. ಅಜ್ಜನವರು ಮರಳಿ ಬಂದು ನೋಡಿ, ಬಾಗಿಲಲ್ಲಿ ನಿಂತು ಬಿರುಸಾಗಿ ಎರಡು ಮಾತಾಡಿದರು. ನಾನೂ ಆಡಿದೆ. ಅಂದು ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಹೆಸರು ಕೇಳಿಸಿತು, ಮರುದಿನವೂ ಕೇಳಿಸಿತು.

ಬೈದಿದ್ದರೆ ಸಹಿಸುತ್ತಿದ್ದೆ. ಇದು ಸಹಿಸಲಾಗಲಿಲ್ಲ. ಕ್ಷಮೆ ಕೇಳದವನನ್ನು ಕ್ಷಮಿಸಹೊರಡುವುದು ತಾನು ಮೇಲೆ ನಿಂತಂತೆ ಅಲ್ಲವೆ? ತಿಂಗಳೊಪ್ಪತ್ತು ಕಳೆದ ಮೇಲೆ ಗೋಡೆಯ ಬಳಿ ನಿಂತು ಕೇಳಿಯೇಬಿಟ್ಟೆ.

"ನಿಮ್ಮ ಸಲುವಾಗಿ ಅಲ್ರೀ ಸರ," ಎಂದರು. "ಸಿಟ್ಟು ನನ್ನಲ್ಲಿ ಐತಿ. ಅದನ್ನ ದೇವರ ಮುಂದ ಇಳಿಸಬೇಕಲ್ರೀ."

"ಇಳಿಯಿತೆ?"

"ಪೂರಾ ಇಳಿದಿಲ್ಲ. ಇಳಿದಿದ್ರ ದಿನಾ ಯಾಕ ಹೆಸರು ಹೇಳತಿದ್ದೆ?"

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಕಲಿಸಿದ ಪ್ರಾರ್ಥನೆಯಿದೆ. ಅನ್ನವನ್ನು ಬೇಡುವಾಗ ಅದಕ್ಕೆ ಕರಾರಿಲ್ಲ. ಕ್ಷಮೆಯನ್ನು ಬೇಡುವಾಗ ಮಾತ್ರ ತಾನು ಇತರರಿಗೆ ಕೊಟ್ಟ ಕ್ಷಮೆಯ ಲೆಕ್ಕವನ್ನೂ ಒಪ್ಪಿಸಬೇಕು. ಅಜ್ಜನವರು ಈ ಕರಾರನ್ನು ಅಕ್ಷರಶಃ ನಂಬಿದ್ದರು. ನಾನು ಮೇಲುಗೈಯೆಂದು ತಿಳಿದದ್ದು ಅವರಿಗೆ ದಿನದ ದುಡಿಮೆಯಾಗಿತ್ತು.

ದೇವರಿಲ್ಲದೆಯೂ ಒಳ್ಳೆಯತನ ನಿಲ್ಲಬಲ್ಲುದೆಂದು ತರಗತಿಯಲ್ಲಿ ನಾನು ಎಷ್ಟೋ ಸಲ ವಾದಿಸಿದ್ದೇನೆ. ಈಗಲೂ ಅದನ್ನು ಸುಳ್ಳೆನ್ನಲಾರೆ. ಆದರೆ ದಿನವೂ ಒಂದೇ ಹೊತ್ತಿಗೆ ತನ್ನ ಸಿಟ್ಟನ್ನು, ಅದೂ ಮೊಮ್ಮಕ್ಕಳ ಎದುರಿಗೆ, ಹೊರಗಿಟ್ಟು ನೋಡುವ ಕಟ್ಟಳೆ ನನ್ನ ವಾದದಲ್ಲಿ ಎಲ್ಲಿತ್ತು? ಅವರ ನಂಬಿಕೆ ನನಗೆ ಬಾರದು. ಅದನ್ನೇ ನೆಪಮಾಡಿಕೊಂಡು ಅವರ ನಡತೆಯಿಂದಲೂ ನುಣುಚಿಕೊಳ್ಳಬಹುದೆ?

ಕೆಲವು ವಾರಗಳಲ್ಲಿ ನನ್ನ ಹೆಸರು ಪ್ರಾರ್ಥನೆಯಿಂದ ಬಿಟ್ಟುಹೋಯಿತು. ಮತ್ತೆ ಮಾತುಕತೆ ನಡೆಯಿತು, ಹಬ್ಬದ ತಿಂಡಿ ಗೋಡೆ ದಾಟಿತು. ಅಷ್ಟು ಸಾಕೆಂದುಕೊಂಡೆ. ತಪ್ಪಾಯಿತೆಂದು ಮಾತ್ರ ಹೇಳಲೇ ಇಲ್ಲ.

ಮಣ್ಣು ಮಾಡಿದ ಮರುದಿನ ಹೋಗಿ ಅಜ್ಜಿಯವರ ಮುಂದೆ ಹೇಳಿದೆ. ಅವರು ಮುನಿಯಲಿಲ್ಲ. "ನನಗ ಹೇಳಿ ಏನ್ ಮಾಡ್ತೀರಿ? ಅವರಿಗೆ ಹೇಳಬೇಕಿತ್ತು," ಎಂದರು.

ಕ್ಷಮೆ ಕೇಳದೆಯೂ ದೊರೆತೀತು. ಕೇಳುವುದು ಮಾತ್ರ ನನ್ನ ಪಾಲಿನ ಕೆಲಸವಾಗಿತ್ತು. ಅದನ್ನು ನನ್ನ ಬದಲಿಗೆ ಅವರು ಮಾಡುವಂತಿರಲಿಲ್ಲ.