ಪಡೆಯುವವನ ಧರ್ಮ

ಕೊಡುವವನ ಧರ್ಮದ ಕುರಿತು ನಮ್ಮಲ್ಲಿ ಹೇಳದೆ ಉಳಿದ ಮಾತಿಲ್ಲ. ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು, ಕೊಟ್ಟುದನ್ನು ಹೇಗೆ ಮರೆಯಬೇಕು ಎಂಬುದನ್ನು ಶಾಲೆಯ ಪಾಠದಿಂದ ಹರಿಕಥೆಯವರೆಗೆ ಎಲ್ಲೆಡೆಯೂ ಕೇಳುತ್ತ ಬೆಳೆದವರು ನಾವು. ಆದರೆ ಪಡೆಯುವವನು ಹೇಗಿರಬೇಕು? ಕೃತಜ್ಞನಾಗಿರಬೇಕು ಎಂಬ ಒಂದು ಮಾತಿಗೆ ಆ ಪಾಠ ಮುಗಿದುಹೋಗುತ್ತದೆ. 33 ವರ್ಷ ಕನ್ನಡ ಶಾಲೆಯಲ್ಲಿ ನಾನೂ ಅಷ್ಟನ್ನೇ ಕಲಿಸಿದೆ. ಅಷ್ಟು ಸಾಲದೆಂದು ತಿಳಿದದ್ದು ನನ್ನ 71ನೆಯ ವಯಸ್ಸಿನಲ್ಲಿ, ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡ ಮೇಲೆ.

ನಮ್ಮ ಮನೆ ಪೆರ್ಲದಿಂದ ಒಳಗೆ, ಡಾಮರು ರಸ್ತೆ ಮುಗಿದ ಮೇಲೆ ಒಂದು ತೋಡು, ಅದರ ಮೇಲೊಂದು ಸಂಕ, ಅದನ್ನು ದಾಟಿದರೆ ಅಡಿಕೆ ತೋಟದ ನಡುವೆ ಇದೆ. ಮಕ್ಕಳಿಬ್ಬರೂ ದೂರದ ನಗರಗಳಲ್ಲಿದ್ದಾರೆ. ಮನೆಯಲ್ಲಿರುವವರು ನಾನು, ಮೊಣಕಾಲು ನೋವಿನ ನನ್ನ ಮಡದಿ ಮತ್ತು ಎರಡು ದನಗಳು. ಓದುವಾಗ ಅಕ್ಷರಗಳು ಮಂಜಿನಲ್ಲಿ ಅದ್ದಿದಂತೆ ಕಾಣತೊಡಗಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರದವರು ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಗೆ ಕಳುಹಿಸಿದರು. ವೈದ್ಯರು ಪರೀಕ್ಷಿಸಿ, "ಇದು ಬಹಳ ಸಾಮಾನ್ಯ, 20 ನಿಮಿಷದ ಕೆಲಸ" ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಕಣ್ಣಿಗೆ ಔಷಧ ಬಿಟ್ಟು ಮರಗಟ್ಟಿಸಿದರು, ದೀಪವೊಂದು ಕಂಡಿತು, ನೀರು ಹರಿದಂತಾಯಿತು, ಮುಗಿಯಿತು. ಸಂಜೆಗೆ ನಾನು ಮನೆಯಲ್ಲಿದ್ದೆ.

ಸಾಮಾನ್ಯವೆಂಬ ಮಾತಿನ ಇನ್ನೊಂದು ಮುಖ ಕಂಡದ್ದು ಮನೆಗೆ ಬಂದ ಮೇಲೆ. ಕೈಗಿತ್ತ ಹಾಳೆಯಲ್ಲಿ ಸೂಚನೆಗಳಿದ್ದವು. ತಲೆಗೆ ನೀರು ಹಾಕಬಾರದು. ಬಗ್ಗಬಾರದು. ಭಾರ ಎತ್ತಬಾರದು. ಹೊಗೆಗೂ ಧೂಳಿಗೂ ಕಣ್ಣೊಡ್ಡಬಾರದು. ಮೊದಲ ವಾರ ದಿನಕ್ಕೆ ಆರು ಸಲ ಔಷಧದ ಹನಿ ಬಿಡಬೇಕು, ಆಮೇಲೆ ವಾರವಾರವೂ ಕಡಿಮೆ ಮಾಡುತ್ತ ಬರಬೇಕು. ನಗರದ ಮನೆಯಲ್ಲಿ ಇವು ಸಣ್ಣ ಮಾತುಗಳು. ಹಳ್ಳಿಯ ಮನೆಯಲ್ಲಿ ಬಗ್ಗದೆ ಆಗುವ ಕೆಲಸ ಯಾವುದು? ಹಟ್ಟಿಯ ಸೆಗಣಿ ಬಾಚುವುದಕ್ಕೆ ಬಗ್ಗಬೇಕು, ಬಿದ್ದ ಅಡಿಕೆ ಹೆಕ್ಕುವುದಕ್ಕೆ ಬಗ್ಗಬೇಕು, ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುವುದಕ್ಕೆ ಬಗ್ಗಿದರೆ ಹೊಗೆಯೂ ಸಿದ್ಧವಾಗಿರುತ್ತದೆ. ನನಗೆ ಹೇಳಿದ ಒಂದೊಂದು 'ಬಾರದು' ಎಂಬುದೂ ಇನ್ನೊಬ್ಬರ ಪಾಲಿಗೆ ಒಂದೊಂದು 'ಬೇಕು' ಎಂದು ಆ ಹಾಳೆಯಲ್ಲಿ ಬರೆದಿರಲಿಲ್ಲ. ವೈದ್ಯರ 20 ನಿಮಿಷದ ಕೆಲಸ ಮುಗಿದಲ್ಲಿಂದ ಊರವರ ಆರು ವಾರಗಳ ಕೆಲಸ ಆರಂಭವಾಯಿತು.

ಹಟ್ಟಿಯ ಕೆಲಸವನ್ನು ತೋಟದ ಆಚೆಬದಿಯ ಮನೆಯವರು ಕೇಳದೆಯೇ ವಹಿಸಿಕೊಂಡರು. ಮಡದಿಯ ಕೈ ನಡುಗುವುದರಿಂದ ಹನಿ ಬಿಡುವ ಕೆಲಸ ನೆರೆಮನೆಯ ಹುಡುಗಿಗೆ ಬಂತು. ಹನ್ನೊಂದನೆಯ ತರಗತಿಯ ಆಕೆ ಬೆಳಗ್ಗೆ ಶಾಲೆಗೆ ಹೋಗುವ ಮುನ್ನವೂ ಸಂಜೆ ಬಂದ ಮೇಲೂ ಓಡಿ ಬರುತ್ತಿದ್ದಳು; ನಡು ಹಗಲಿನ ಹನಿಗಳನ್ನು ಅಡಿಕೆ ಸುಲಿಯಲು ಬರುವ ಹೆಂಗಸು ಬಿಡುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ದು, ಇಡೀ ದಿನ ಕಾದು, ಹಿಂದಿರುಗುವಾಗ ಕೈಹಿಡಿದು ಸಂಕ ದಾಟಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಈಗ ರಿಕ್ಷಾ ಓಡಿಸುತ್ತಾನೆ.

ಇಷ್ಟಾದಾಗ ನನ್ನಲ್ಲಿ ಮೂಡಬೇಕಾಗಿದ್ದುದು ಸಂತೋಷ. ನಿಜ ಹೇಳುವುದಾದರೆ ಮೂಡಿದ್ದು ಕಸಿವಿಸಿ. ಯಾರ ಹಂಗೂ ಇಲ್ಲದೆ ಬಾಳಿದೆನೆಂಬ ಹೆಮ್ಮೆ ಒಂದು ನನ್ನಲ್ಲಿತ್ತು. ಯಾರಿಗೆ ಏನು ಕೊಡಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡತೊಡಗಿದೆ. ಮೂರನೆಯ ದಿನ ರಿಕ್ಷಾದವನನ್ನು ಕರೆದು ಲಕೋಟೆಯೊಂದನ್ನು ಕೈಗಿತ್ತೆ. ಆತ ಅಲ್ಲಿಯೇ ತೆರೆದು, ಎಣಿಸಿ, ತನಗೆ ಸಲ್ಲಬೇಕಾದುದನ್ನು ಜೇಬಿಗಿಳಿಸಿ ಮಿಕ್ಕುದನ್ನು ಹಿಂದಕ್ಕೆ ಚಾಚಿದ. "ಬಾಡಿಗೆ ಸರಿಯಾಯಿತು. ಇದು ಯಾವುದಕ್ಕೆ ಮಾಷ್ಟ್ರೇ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ನೋವಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಕನ್ನಡದಲ್ಲಿ 'ಮುಯ್ಯಿ' ಎಂಬ ಹಳೆಯ ಮಾತಿದೆ. ಮದುವೆಯಲ್ಲಿ ಬಂದ ಉಡುಗೊರೆಗೆ ಪ್ರತಿಯಾಗಿ ಕೊಡುವುದು ಮುಯ್ಯಿ. ಒಬ್ಬರ ಗದ್ದೆಯಲ್ಲಿ ದುಡಿದು, ಅವರನ್ನು ತಮ್ಮ ಗದ್ದೆಗೆ ಕರೆದುಕೊಳ್ಳುವ ವ್ಯವಸ್ಥೆಯಲ್ಲಿ ದುಡಿಯುವವರು ಮುಯ್ಯಾಳುಗಳು. ಹಗೆ ಸಾಧಿಸುವುದನ್ನೂ 'ಮುಯ್ಯಿ ತೀರಿಸಿಕೊಳ್ಳುವುದು' ಎನ್ನುತ್ತೇವೆ. ಉಪಕಾರಕ್ಕೂ ಹಗೆಗೂ ಒಂದೇ ಪದವೇಕೆ ಎಂದು ಪಾಠ ಮಾಡುವ ಕಾಲದಲ್ಲಿ ನಾನು ಯೋಚಿಸಿದವನಲ್ಲ. ಆ ಲಕೋಟೆಯನ್ನು ಹಿಡಿದು ಜಗಲಿಯಲ್ಲಿ ಕುಳಿತಾಗ ಯೋಚಿಸಿದೆ. ಲೆಕ್ಕ ಬೇಗನೆ ಚುಕ್ತವಾಗಬೇಕು, ನಿನಗೂ ನನಗೂ ಇನ್ನು ಸಂಬಂಧವಿಲ್ಲ ಎಂಬ ಆತುರ ಎರಡರಲ್ಲಿಯೂ ಇರಬಹುದು. ಬಂದ ಉಪಕಾರವನ್ನು ಮರುದಿನವೇ ಹಣದಿಂದ ತೀರಿಸಹೊರಡುವವನು ಉಪಕಾರಿಯನ್ನು ದೂರ ತಳ್ಳುತ್ತಾನೆ. ನಾನು ಮಾಡಿದ್ದು ಅದನ್ನೇ.

ಹಾಗೆ ನೋಡಿದರೆ, ಯಾರ ಹಂಗೂ ಇಲ್ಲವೆಂಬ ನನ್ನ ಹೆಮ್ಮೆಗೆ ಆಧಾರವೇ ಇರಲಿಲ್ಲ. 1968ರಲ್ಲಿ ನನ್ನ ಅಜ್ಜಿಯ ಕಣ್ಣಿನ ಪೊರೆ ತೆಗೆದಾಗ ತಲೆಯ ಎರಡು ಬದಿಗೂ ಮರಳಿನ ಚೀಲವಿಟ್ಟು ದಿನಗಟ್ಟಲೆ ಅಲುಗಾಡದಂತೆ ಮಲಗಿಸಿದ್ದರು. ಬಳಿಕ ಬಂದದ್ದು ದಪ್ಪ ಗಾಜಿನ ಕನ್ನಡಕ. ನನಗೆ ಅದು ಬೇಡವಾದದ್ದು ನನ್ನ ಪುಣ್ಯದಿಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಹೊಕ್ಕ ಪೈಲಟ್‌ಗಳ ಕಣ್ಣುಗಳು ಆ ವಸ್ತುವನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣೊಳಗಿಟ್ಟರು. ತಮ್ಮ ವೃತ್ತಿಯವರ ವಿರೋಧವನ್ನು ಬಹುಕಾಲ ಸಹಿಸಿದರು. ಕರ್ನಾಟಕದ ಹಳ್ಳಿಹಳ್ಳಿಗೆ ಶಿಬಿರಗಳನ್ನು ಒಯ್ದು, ಆಸ್ಪತ್ರೆಯನ್ನೇ ಕಾಣದವರಿಗೆ ಬೆಳಕು ತೋರಿದ ಬೀಳಗಿಯ ಡಾ. ಎಂ. ಸಿ. ಮೋದಿಯವರಂಥವರು, ಪೊರೆ ತೆಗೆಸಿಕೊಳ್ಳುವುದು ಬಡವನಿಗೂ ಸಾಧ್ಯವೆಂಬ ನಂಬಿಕೆಯನ್ನು ಈ ನಾಡಿನಲ್ಲಿ ಬಿತ್ತಿದರು. ಇವರಾರಿಗೂ ನಾನು ಲಕೋಟೆ ಕೊಡಲಾರೆ. ಮನುಷ್ಯನು ಋಣದೊಳಗೇ ಹುಟ್ಟಿ ಋಣದೊಳಗೇ ನೋಡುತ್ತಾನೆ. ತೀರಿಸಲಾಗದ ಋಣವನ್ನು ಅವಮಾನವೆಂದು ತಿಳಿಯದೆ ಹೊತ್ತು ನಡೆಯುವುದೇ ಪಡೆಯುವವನ ಮೊದಲ ಧರ್ಮ.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ನೆರೆಹೊರೆಯ ಹೊಗಳಿಕೆಯಾಗಿ ಮುಗಿಯುತ್ತದೆ. ಆದರೆ ಅದರಲ್ಲೊಂದು ಅಪಾಯವಿದೆ.

ನಾನು ಹೇಳಿದ ಸೂಚನೆಗಳ ಹಾಳೆ ಮಲೆಯಾಳದಲ್ಲಿತ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕಿದ ಸಮ್ಮತಿ ಪತ್ರವೂ ಮಲೆಯಾಳದಲ್ಲಿಯೇ ಇತ್ತು. ಮಾತನಾಡಿದರೆ ತಿಳಿಯುವ ಆ ಭಾಷೆಯನ್ನು ಓದಲು ನಾನು ಕಲಿತವನಲ್ಲ. "ಎಲ್ಲರೂ ಹಾಕುವ ಸಹಿ" ಎಂದರು, ಹಾಕಿದೆ. ಓದಲಾರದ ಕಾಗದಕ್ಕೆ ಹಾಕಿದ ಸಹಿಯನ್ನು ಸಮ್ಮತಿ ಎನ್ನಬಹುದೇ? ಅಕ್ಷರ ಬಾರದ ಅಜ್ಜಿ 1968ರಲ್ಲಿ ಹೆಬ್ಬೆಟ್ಟು ಒತ್ತಿದ್ದಕ್ಕೂ, ಅಕ್ಷರ ಕಲಿಸಿಯೇ ಬದುಕಿದ ನಾನು ಸಹಿ ಹಾಕಿದ್ದಕ್ಕೂ ಏನು ವ್ಯತ್ಯಾಸ? ಮನೆಗೆ ಬಂದ ಮೇಲೆ ಮಲೆಯಾಳ ಮಾಧ್ಯಮದಲ್ಲಿ ಕಲಿಯುವ ಆ ನೆರೆಮನೆಯ ಹುಡುಗಿಯೇ ಸೂಚನೆಗಳನ್ನು ಓದಿ, ನನಗೆ ತುಳುವಿನಲ್ಲಿ ಬಿಡಿಸಿ ಹೇಳಿದಳು. ಯಾವ ಹನಿ ಎಷ್ಟು ದಿನ ಎಂದು ತನ್ನ ನೋಟುಪುಸ್ತಕದ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಅಂಕೆಗಳನ್ನು ನಾನು ಓದಬಲ್ಲೆನಲ್ಲ.

ಆಕೆಯ ನೆರವು ಒದಗಿತಲ್ಲ, ಇನ್ನೇನು ದೂರು ಎಂದು ಗೆಳೆಯರೊಬ್ಬರು ಕೇಳಿದರು. ನಾನು ತೊಡಕಿಗೆ ಸಿಕ್ಕಿದ್ದು ಇಲ್ಲಿಯೇ. ಕನ್ನಡದ ಹಕ್ಕಿನ ಮಾತೆತ್ತಿದರೆ ಮಲೆಯಾಳ ಓದಿ ನನ್ನ ಕಣ್ಣು ಕಾಯ್ದವಳಿಗೆ ಕೃತಘ್ನನಾದಂತೆ. ಸುಮ್ಮನಿದ್ದರೆ ಆಕೆಯ ಒಳ್ಳೆಯತನವನ್ನು ಸರಕಾರದ ಕೊರತೆಗೆ ಮುಚ್ಚಳ ಮಾಡಿದಂತೆ. ದಾರಿ ತೋರಿಸಿದ್ದು ರಿಕ್ಷಾದವನು ಹಿಂದಿರುಗಿಸಿದ ಲಕೋಟೆ. ಆತ ಬಾಡಿಗೆಯನ್ನು ಬಿಟ್ಟುಕೊಡಲಿಲ್ಲ, ಪ್ರೀತಿಗೆ ಬೆಲೆ ಕಟ್ಟಿಸಿಕೊಳ್ಳಲಿಲ್ಲ. ತನಗೆ ಸಲ್ಲಬೇಕಾದುದನ್ನು ಎಣಿಸಿ ತೆಗೆದುಕೊಂಡ, ಮಿಕ್ಕುದನ್ನು ಲೆಕ್ಕದಿಂದ ಹೊರಗಿಟ್ಟ. ನನಗೂ ಅದೇ ಸರಿ. ಆ ಹಾಳೆ ನನ್ನ ಭಾಷೆಯಲ್ಲಿ ಇರಬೇಕಾದುದು ಬಾಡಿಗೆಯಂತೆ ಸಲ್ಲಬೇಕಾದ ಬಾಕಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿದೆ. ಹುಡುಗಿ ಓದಿ ಹೇಳಿದ್ದು ಬಾಕಿಯಲ್ಲ, ಋಣ. ಬಾಕಿಯನ್ನು ಕೇಳಿ ಪಡೆಯಬೇಕು. ಋಣವನ್ನು ಕೇಳದೆ ನೆನೆಯಬೇಕು. ಬಾಕಿಯನ್ನು ದಾನವೆಂದು ಬಗೆದು ಕೈಮುಗಿಯುವುದೂ ತಪ್ಪು, ದಾನವನ್ನು ಬಾಕಿಯೆಂದು ಬಗೆದು ಅಧಿಕಾರ ನಡೆಸುವುದೂ ತಪ್ಪು.

ಗಡಿನಾಡಿನವರಾದ ನಮಗೆ ಈ ವ್ಯತ್ಯಾಸ ಬರಿಯ ತತ್ತ್ವಚಿಂತನೆಯಲ್ಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಜೀವ ಬಿಟ್ಟವರೂ ಇದ್ದಾರೆ. ಪ್ರಶ್ನೆ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ದಿನಗಳಲ್ಲಿ ನೆರೆಯವರಲ್ಲಿ ಕರುಣೆ ಬತ್ತಿರಲಿಲ್ಲ. ಆದರೆ ಕರುಣೆಗೆ ಮಣ್ಣಿನ ದಿಬ್ಬವನ್ನು ಸರಿಸುವ ಬಲವಿರಲಿಲ್ಲ. ನೆರೆಯವರ ಒಳ್ಳೆಯತನ ಎಷ್ಟೇ ದೊಡ್ಡದಾದರೂ ಅದು ಹಕ್ಕಿನ ಸ್ಥಾನವನ್ನು ತುಂಬಲಾರದು. ಹಕ್ಕುಗಳೆಲ್ಲ ದೊರೆತರೂ, ರಾತ್ರಿ ಮಲಗುವ ಮುನ್ನ ಹನಿ ಬಿಡಲು ಒಂದು ಕೈ ಬೇಕೆಂಬುದೂ ಅಷ್ಟೇ ನಿಜ.

ಕಟ್ಟು ಬಿಚ್ಚಿದ ಮೊದಲ ವಾರದಲ್ಲಿ ನನಗೆ ಅಚ್ಚರಿ ತಂದದ್ದು ನೀಲಿ ಬಣ್ಣ. ಪೊರೆಯ ಹಳದಿಯೊಳಗಿಂದ ನೋಡಿ ನೋಡಿ, ಆಕಾಶ ಅಷ್ಟು ನೀಲಿಯೆಂಬುದನ್ನೇ ಮರೆತಿದ್ದೆ. ಗೋಡೆಯ ಸುಣ್ಣ ಮಾಸಿರುವುದೂ ಆಗಲೇ ಕಂಡಿತು. ಹುಡುಗಿಗೆ ಕನ್ನಡ ಓದಲು ಕಲಿಸುತ್ತೇನೆಂದೆ. ಮುಯ್ಯಿ ತೀರಿಸುವ ಹಳೆಯ ಚಾಳಿ ಇನ್ನೂ ಹೋಗಿರಲಿಲ್ಲವೆಂದು ಕಾಣುತ್ತದೆ. ಆಕೆ ನಕ್ಕು, "ನನಗೆ ಪರೀಕ್ಷೆ ಉಂಟು ಮಾಷ್ಟ್ರೇ, ಮತ್ತೆ ನೋಡುವ" ಎಂದು ಓಡಿಹೋದಳು.

ಇನ್ನು ಎಡಗಣ್ಣಿನದು ಬಾಕಿಯಿದೆ. ಸಮ್ಮತಿ ಪತ್ರವೂ ಸೂಚನೆಗಳ ಹಾಳೆಯೂ ಕನ್ನಡದಲ್ಲಿ ಬೇಕೆಂದು ಆಸ್ಪತ್ರೆಗೆ ಕನ್ನಡದಲ್ಲಿಯೇ ಮನವಿ ಬರೆದು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಮತ್ತೊಮ್ಮೆ ಬರೆಯುವವನಿದ್ದೇನೆ. ರಿಕ್ಷಾದವನಿಗೂ ಹೇಳಿಟ್ಟಿದ್ದೇನೆ. ಈ ಸಲ ಲಕೋಟೆಯಲ್ಲಿ ಬಾಡಿಗೆ ಮಾತ್ರ ಇರುತ್ತದೆ.